ತರ್ಶ್‌ಕೆರ್ ಹಿಡಿದು ಪೀಟ್ ಕಡಿಯೋದು ಹೇಗೆ

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಮರಗಳೇ ಅಪರೂಪ. ನೂರು ವರ್ಷದ ಹಿಂದೆ ಅಲ್ಲಿನ ಗೇಲಿಕ್ ಮಾತಾಡುವ ಮನೆಗಳಲ್ಲಿ ಬೆಂಕಿಗೆ ಇದ್ದದ್ದು ಪೀಟ್. ಜೌಗಿನಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಅರೆಕೊಳೆತು ಆದ ಕಪ್ಪು ಮಣ್ಣು ಅದು. ಕಡಿಯುವ ಹತಾರದ ಹೆಸರು ತರ್ಶ್‌ಕೆರ್. ನನಗೆ ಕಲಿಸಿದ ಅಜ್ಜನ ಹತ್ತಿರ ಇದ್ದದ್ದು ಅವರ ಅಪ್ಪನದು. ಹಿಡಿ ಎರಡು ಸಲ ಬದಲಾಗಿದೆ, ಕಬ್ಬಿಣ ಅದೇ.

ಮೊದಲು ಅಲಗು ನೋಡಿ. ತುದಿಯಲ್ಲಿ ಒಂದು, ಅದರ ಬದಿಯಿಂದ ಅಡ್ಡಕ್ಕೆ ಇನ್ನೊಂದು. ಒಂದೇ ಸಲಕ್ಕೆ ಎರಡು ಬದಿ ಕತ್ತರಿಸುತ್ತದೆ. ಪಾದ ಇಡೋಕೆ ಹಿಡಿಗೆ ಮರದ ಮೆಟ್ಟು ಇರುತ್ತದೆ.

ಕೆಲಸ ಶುರುವಾಗೋದು ಮೇ ಹೊತ್ತಿಗೆ. ಮೇಲಿನ ಹುಲ್ಲಿನ ಪದರವನ್ನು ಸಲಿಕೆಯಿಂದ ಎಬ್ಬಿಸಿ, ಕಡಿದು ಖಾಲಿಯಾದ ತಗ್ಗಿನಲ್ಲಿ ಹಸಿರು ಮೇಲೆ ಬರುವಂತೆ ಹಾಸಿ. ಮತ್ತೆ ಹುಲ್ಲು ಬರಬೇಕಲ್ವಾ? ಆಮೇಲೆ ಒಬ್ಬರು ದಂಡೆ ಮೇಲೆ ನಿಂತು ಕಡಿಯಬೇಕು, ಇನ್ನೊಬ್ಬರು ತಗ್ಗಿನಲ್ಲಿ ನಿಂತು ಹೆಂಟೆ ಹಿಡಿದು ಆಚೆ ಎಸೆಯಬೇಕು. ಜೋರಾಗಿ ತುಳಿಯಬೇಡಿ. ಮೊದಲ ದಿನ ನಾನು ಹಾಗೇ ಮಾಡಿದೆ, ಅಲಗು ಓರೆಯಾಗಿ ಹೆಂಟೆ ಅಜ್ಜನ ಕೈಯಲ್ಲೇ ಎರಡು ಹೋಳಾಯಿತು. ಅವರು ಏನೂ ಅನ್ನಲಿಲ್ಲ, ಸುಮ್ನೆ ನನ್ನ ಕಾಲು ನೋಡಿದರು. ಮೈಭಾರ ಬಿಟ್ಟರೆ ಸಾಕು, ಒದ್ದೆ ಪೀಟ್ ತಾನೇ ದಾರಿ ಬಿಡುತ್ತದೆ. ಆಳಕ್ಕೆ ಹೋದಷ್ಟೂ ಕಪ್ಪು, ಕಪ್ಪಾದಷ್ಟೂ ಕಾವು ಜಾಸ್ತಿ.

ಕಡಿಯೋದಕ್ಕಿಂತ ಒಣಗಿಸೋದೇ ಕಷ್ಟ. ಹಸಿ ಪೀಟ್‌ನಲ್ಲಿ ಬಹುಪಾಲು ನೀರೇ. ಒಂದೆರಡು ವಾರ ನೆಲದ ಮೇಲೆ ಹರಡಿಡಿ. ಎತ್ತಿದಾಗ ಬಾಗಿದರೆ ಇನ್ನೂ ಕಾಯಿರಿ. ಬಾಗದಿದ್ದರೆ ಮೂರು ನಾಲ್ಕು ಹೆಂಟೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಮೇಲೆ ಒಂದು ಟೋಪಿ ಇಟ್ಟ ಹಾಗೆ. ಇದಕ್ಕೆ ರೂಅನ್ ಅಂತಾರೆ. ಗಾಳಿ ಆಡುವ ಸಂದು ಬಿಡಿ.

ಒಣಗಿದ್ದನ್ನು ಮನೆಗೆ ತರೋದು ಬೆನ್ನಿನ ಹೆಡಿಗೆಯಲ್ಲಿ. ಅದರ ಪಟ್ಟಿ ಎದೆಯ ಮೇಲೆ ಕೂರುತ್ತದೆ, ಕೈ ಎರಡೂ ಖಾಲಿ. ಆಗಿನ ಹೆಂಗಸರು ಹೊರೆ ಹೊತ್ತು ನಡೆಯುತ್ತಲೇ ಉಣ್ಣೆ ಹೆಣೆಯುತ್ತಿದ್ದರು. ನಾನು ಅರ್ಧ ಹೆಡಿಗೆಗೇ ಕೈಚೆಲ್ಲಿದೆ!

ರಾತ್ರಿ ಬೆಂಕಿ ಆರಿಸಬೇಡಿ. ಕೆಂಡ ಒಟ್ಟು ಮಾಡಿ, ಪೀಟ್ ಇಟ್ಟು, ಬೂದಿ ಮುಚ್ಚಿ. ಆರ್ನೋಲ್ ಊರಿನ 42ನೇ ನಂಬರಿನ ಹಳೇ ಮನೆಯಲ್ಲಿ ಬೆಂಕಿ ನೆಲದ ನಡುವೆಯೇ, ಹೊಗೆಗೂಡು ಇಲ್ಲ. 1966ರವರೆಗೂ ಅಲ್ಲಿ ಜನ ಇದ್ದರು. ಬೆಳಿಗ್ಗೆ ಬೂದಿ ಸರಿಸಿ ಒಂದು ಹೊಸ ಹೆಂಟೆ ಇಟ್ಟರೆ ಹತ್ತಿಕೊಳ್ಳುತ್ತದೆ, ಕಡ್ಡಿ ಗೀರೋದು ಬೇಡ.