ಎಳೆಯ ನಕ್ಷತ್ರದ ಅನಿಲ ತಟ್ಟೆ: ಆಲ್ಮಾ ದತ್ತಾಂಶದಿಂದ ಚಿತ್ರ ತೆಗೆಯುವ ನನ್ನ ಕ್ರಮ

ತಟ್ಟೆಯಲ್ಲಿ ತುಂಬಿರುವುದು ಅಣುರೂಪದ ಹೈಡ್ರೋಜನ್. ತಣ್ಣಗಿದ್ದಾಗ ಅದು ರೇಡಿಯೊದಲ್ಲಿ ಕಾಣುವುದಿಲ್ಲ. ಹಾಗಾಗಿ ಕಾರ್ಬನ್ ಮಾನಾಕ್ಸೈಡ್ ರೇಖೆಯನ್ನು, ಅಂದರೆ ಆ ಅಣು ಒಂದು ನಿಶ್ಚಿತ ಆವೃತ್ತಿಯಲ್ಲಿ ಸೂಸುವ ಬೆಳಕನ್ನು, ಹಿಡಿಯಬೇಕು. ಚಿಲಿಯಲ್ಲಿರುವ ರೇಡಿಯೊ ದೂರದರ್ಶಕಗಳ ಸಮೂಹವಾದ ಆಲ್ಮಾದ ಬ್ಯಾಂಡ್ 6 ಎಂಬ ಆವೃತ್ತಿ ಪಟ್ಟಿಯಲ್ಲಿ ಅದು 230.538 ಗಿಗಾಹರ್ಟ್ಸ್‌ಗೆ ಬೀಳುತ್ತದೆ. ಕೈ ಪಳಗಿಸಲು ಎಚ್‌ಡಿ 163296 ಎಂಬ ಎಳೆಯ ನಕ್ಷತ್ರ ಒಳ್ಳೆಯದು: ದೂರ ಸುಮಾರು 330 ಜ್ಯೋತಿರ್ವರ್ಷ, ದ್ರವ್ಯರಾಶಿ ಸೂರ್ಯನ ಎರಡರಷ್ಟು, ತಟ್ಟೆಯ ಓರೆ ಸುಮಾರು 47 ಡಿಗ್ರಿ. ದತ್ತಾಂಶ ಆಲ್ಮಾ ಸಂಗ್ರಹದಲ್ಲಿ ಎಲ್ಲರಿಗೂ ಮುಕ್ತ.

ಮೊದಲು ತಟ್ಟೆಯ ಧೂಳು ಎಲ್ಲ ಆವೃತ್ತಿಗಳಲ್ಲೂ ಸೂಸುವ ಬೆಳಕಿನ ಮೇಲೆ ಸೆಲ್ಫ್ ಕ್ಯಾಲಿಬ್ರೇಶನ್ (ಆ ಕಾಯದ ಬೆಳಕಿನಿಂದಲೇ ದತ್ತಾಂಶದ ದೋಷ ತಿದ್ದುವುದು) ಮಾಡಿ, ಆ ಪರಿಹಾರವನ್ನೇ ರೇಖೆಯ ಚಾನಲ್‌ಗಳಿಗೂ (ಆವೃತ್ತಿಯ, ಅಂದರೆ ಅನಿಲದ ವೇಗದ, ಕಿರಿದಾದ ತುಂಡುಗಳು) ಹಚ್ಚುತ್ತೇನೆ. ಚಾನಲ್ ಅಗಲ 61 ಕಿಲೋಹರ್ಟ್ಸ್ ಇದ್ದರೆ ಸೆಕೆಂಡಿಗೆ 0.08 ಕಿ.ಮೀ. ಆಗುತ್ತದೆ, ಪಕ್ಕದ ಚಾನಲ್‌ಗಳನ್ನು ಬೆರೆಸುವ ಹ್ಯಾನಿಂಗ್ ಸ್ಮೂದಿಂಗ್‌ನಿಂದ ನಿಜವಾದ ವಿಭೇದನ ಅದರ ಎರಡರಷ್ಟು. ಅದಕ್ಕೇ ನಾನು ಸೆಕೆಂಡಿಗೆ 0.2 ಕಿ.ಮೀ.ಗಿಂತ ಸಣ್ಣದಾಗಿ ಚಿತ್ರಿಸುವುದಿಲ್ಲ.

ಧೂಳಿನ ಬೆಳಕನ್ನು ಕಳೆಯುವಾಗಲೇ ಹೆಚ್ಚು ಜನ ಎಡವುತ್ತಾರೆ. ನಕ್ಷತ್ರದಿಂದ 10 ಖಗೋಳ ಮಾನದಲ್ಲಿ (ಒಂದು ಮಾನ ಎಂದರೆ ಭೂಮಿ-ಸೂರ್ಯರ ದೂರ) ಅನಿಲ ಸೆಕೆಂಡಿಗೆ ಸುಮಾರು 13 ಕಿ.ಮೀ. ಸುತ್ತುತ್ತದೆ, ಓರೆಯಿಂದಾಗಿ ನಮಗೆ ಕಾಣುವುದು ಹತ್ತಿರ ಹತ್ತಿರ 10. ಕಣ್ಣಿಗೆ ಕಾಣುವ ರೇಖೆಯಷ್ಟನ್ನೇ ಬಿಟ್ಟು ಉಳಿದದ್ದಕ್ಕೆ ಗೆರೆ ಹೊಂದಿಸಿದರೆ ಒಳಗಿನ ಮಂದ ಅನಿಲವೂ ಧೂಳಿನ ಲೆಕ್ಕಕ್ಕೆ ಸೇರಿ ಕಳೆದುಹೋಗುತ್ತದೆ. ರೇಖೆಯ ಕೇಂದ್ರದ ಎರಡೂ ಕಡೆ ಸೆಕೆಂಡಿಗೆ 15 ಕಿ.ಮೀ. ಬಿಡುವುದು ಕ್ಷೇಮ. ಇನ್ನೊಂದು ತೊಡಕು ಭೌತಿಕವಾದದ್ದು. ಅನಿಲ ದಟ್ಟವಾಗಿರುವಲ್ಲಿ ಹಿಂದಿನ ಧೂಳಿನ ಬೆಳಕು ಆ ಚಾನಲ್‌ನಲ್ಲಿ ನಮ್ಮವರೆಗೆ ಬಂದೇ ಇರುವುದಿಲ್ಲ. ಬಾರದ ಬೆಳಕನ್ನು ಕಳೆದಾಗ ನಡುವೆ ಅನಿಲವೇ ಇಲ್ಲವೆಂಬಂತೆ ಗುಳಿ ಬೀಳುತ್ತದೆ. ಅದನ್ನು ನಿಜವಾದ ಖಾಲಿ ಜಾಗವೆಂದು ಓದಬಾರದು. ನಾನು ಧೂಳು ಕಳೆಯದ ಕ್ಯೂಬ್ (ಚಾನಲ್ ಚಿತ್ರಗಳ ಕಟ್ಟು) ಒಂದನ್ನೂ ತೆಗೆದಿಟ್ಟು, ತಾಪಮಾನವನ್ನು ಅದರಿಂದಲೇ ಅಳೆಯುತ್ತೇನೆ.

ಚಿತ್ರ ಕಟ್ಟುವ ಟಿಕ್ಲೀನ್ ಆದೇಶದಲ್ಲಿ ಬ್ರಿಗ್ಸ್ ರೋಬಸ್ಟ್ (ವಿಭೇದನ ಮತ್ತು ಗದ್ದಲವನ್ನು ಸರಿದೂಗಿಸುವ ಅಂಕಿ) 0.5, ಬೇರೆ ಬೇರೆ ಗಾತ್ರದ ರಚನೆಗಳನ್ನು ಹಿಡಿಯುವ ಮಲ್ಟಿಸ್ಕೇಲ್, ಚಾನಲ್‌ಗೊಂದರಂತೆ ಕೆಪ್ಲರ್ ಚಲನೆಯ ಮಾಸ್ಕ್ (ಸುತ್ತುವ ಅನಿಲ ಆ ವೇಗದಲ್ಲಿ ಇರಬೇಕಾದ ಜಾಗದ ಗುರುತು). ಬೀಮ್, ಅಂದರೆ ಚಿತ್ರದಲ್ಲಿ ಬೇರ್ಪಡಿಸಿ ಕಾಣುವ ಅತಿ ಸಣ್ಣ ಚುಕ್ಕೆ, ಚಿಕ್ಕದಾಗಿಸುವ ಆಸೆ ಬೇಡ. 0.1 ಆರ್ಕ್‌ಸೆಕೆಂಡ್ ಬೀಮ್‌ನಲ್ಲಿ 1 ಮಿಲಿಜಾನ್‌ಸ್ಕಿ (ರೇಡಿಯೊ ಬೆಳಕಿನ ಪ್ರಮಾಣದ ಮಾನ) ಗದ್ದಲ ಎಂದರೆ 2.3 ಕೆಲ್ವಿನ್, ಬೀಮ್ 0.05 ಆದರೆ ಅದೇ ಗದ್ದಲ 9 ಕೆಲ್ವಿನ್ ದಾಟುತ್ತದೆ. ಮುಖ್ಯ ರೇಖೆ ತಡೆದುಕೊಂಡೀತು, ಆಮ್ಲಜನಕ-18 ಇರುವ ಕಾರ್ಬನ್ ಮಾನಾಕ್ಸೈಡ್‌ನ ಮಂದ ರೇಖೆ ಮುಳುಗಿಹೋಗುತ್ತದೆ.

ಕೊನೆಗೆ ಎಲ್ಲ ಚಾನಲ್‌ಗಳನ್ನು ಒಂದಾಗಿ ಸೇರಿಸಿದ ಮೊಮೆಂಟ್ ನಕ್ಷೆಯನ್ನಲ್ಲ, ಚಾನಲ್‌ಗಳನ್ನು ಒಂದೊಂದಾಗಿ ನೋಡಬೇಕು. 2018ರಲ್ಲಿ ಈ ತಟ್ಟೆಯ 260 ಖಗೋಳ ಮಾನದ ಬಳಿ ಗುರುವಿನ ಎರಡರಷ್ಟು ತೂಕದ ಗ್ರಹವಿರಬೇಕೆಂದು ತೋರಿಸಿಕೊಟ್ಟದ್ದು ಕೆಲವೇ ಚಾನಲ್‌ಗಳಲ್ಲಿ ಕಂಡ ಒಂದು ಸೊಟ್ಟ. ಅಂಥದ್ದು ಕಂಡರೆ ರೋಬಸ್ಟ್ ಬದಲಿಸಿ ಮತ್ತೆ ಚಿತ್ರಿಸುತ್ತೇನೆ; ಪಕ್ಕದ ಚಾನಲ್‌ಗಳಲ್ಲೂ ಅದೇ ಜಾಗದಲ್ಲಿ ಉಳಿದರೆ ಮಾತ್ರ ಮುಂದಿನ ಲೆಕ್ಕ.