ಪಾಲಿಹೌಸ್ ಹಾಕುವ ಮುಂಚೆ ಹತ್ತು ಗುಂಟೆಯ ಪರೀಕ್ಷೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆಯ ಮಾತೆತ್ತಿದರೆ ಒಬ್ಬರು ಸಬ್ಸಿಡಿ ಎಷ್ಟು ಎನ್ನುತ್ತಾರೆ, ಇನ್ನೊಬ್ಬರು ಸಾಲ ತೀರಿಸುವವರು ಯಾರು ಎನ್ನುತ್ತಾರೆ. ಹಿಂದೇಟು ಹಾಕುವವರ ಮಾತಿನಲ್ಲಿ ಹುರುಳಿದೆ. ಆದರೆ ಆ ಭಯ ನಿಮ್ಮ ಜಮೀನಿಗೆ ಎಷ್ಟು ನಿಜ ಎಂಬುದನ್ನು ಕಂಬ ನೆಡುವ ಮೊದಲೇ ತಿಳಿಯಬಹುದು.

ಮೊದಲು ಮಣ್ಣು. ಪಾಲಿಹೌಸಿನ ಕ್ಯಾಪ್ಸಿಕಂ ನೆಲಕಚ್ಚುವುದು ಹೆಚ್ಚಾಗಿ ಬೇರುಗಂಟು ನೆಮಟೋಡಿನಿಂದ, ಅಂದರೆ ಬೇರಿನೊಳಗೆ ಸೇರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಿನಿಂದ. ಸದಾ ಬೆಚ್ಚಗೆ, ತೇವವಾಗಿದ್ದು ಒಂದೇ ಬೆಳೆ ಕಾಣುವ ಮಣ್ಣಿನಲ್ಲಿ ಅದು ಬೇಗ ಹೆಚ್ಚುತ್ತದೆ. ಜಾಗದ ಹತ್ತು ಕಡೆ ಒಂದು ಗೇಣು ಆಳದಿಂದ ಮಣ್ಣು ತೆಗೆದು ಬೆರೆಸಿ, ನಾಲ್ಕು ಕುಂಡಗಳಿಗೆ ತುಂಬಿ, ನೆಮಟೋಡ್ ನಿರೋಧಕವಲ್ಲದ ಟೊಮೆಟೊ ಸಸಿ ನೆಡಿ. 45 ದಿನಕ್ಕೆ ಕಿತ್ತು, ಬೇರನ್ನು ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸಿ ತೊಳೆಯಿರಿ. ಬೀನ್ಸ್ ಬೇರಿನ ಸಾರಜನಕದ ಗಂಟು ಉಗುರಿನಲ್ಲಿ ಉಜ್ಜಿದರೆ ಕಳಚಿ ಬರುತ್ತದೆ. ನೆಮಟೋಡಿನ ಗಂಟು ಹಾಗಲ್ಲ, ಬೇರೇ ಮಣಿಯಂತೆ ಊದಿರುತ್ತದೆ, ಕಳಚುವುದಿಲ್ಲ.

ಗಂಟು ಕಂಡರೆ ಏಪ್ರಿಲ್-ಮೇ ಬಿಸಿಲಿನಲ್ಲಿ ಮಣ್ಣು ಚೆನ್ನಾಗಿ ನೆನೆಸಿ, ತೆಳು ಪಾರದರ್ಶಕ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು ಆರು ವಾರ ಬಿಡಿ. ಕಪ್ಪು ಮಲ್ಚಿಂಗ್ ಹಾಳೆ ಇದಕ್ಕೆ ಬೇಡ; ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಆಮೇಲೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿ ನೆರಳಿನಲ್ಲಿ 15 ದಿನ ತೇವವಾಗಿಟ್ಟ ಬೇವಿನ ಹಿಂಡಿಯನ್ನು ಏರುಮಡಿಗೆ ಸೇರಿಸಿ. ಹೊರಗಿನ ಹೊಲದಲ್ಲಿ ತುಳಿದ ಚಪ್ಪಲಿ ಒಳಗೆ ಬಂದರೆ ಇಷ್ಟೂ ಕೆಲಸ ವ್ಯರ್ಥ.

ಇನ್ನು ನೀರು. ಕ್ಯಾಪ್ಸಿಕಂಗೆ ಚದರ ಮೀಟರಿಗೆ ದಿನಕ್ಕೆ 2ರಿಂದ 4 ಲೀಟರ್ ಬೇಕು. ಹತ್ತು ಗುಂಟೆ, ಅಂದರೆ ಸುಮಾರು 1,000 ಚದರ ಮೀಟರಿಗೆ 2ರಿಂದ 4 ಸಾವಿರ ಲೀಟರ್. ಬೋರ್‌ವೆಲ್ ನೀರಿನ ಇ.ಸಿ. (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ) ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದರೆ ಇಳುವರಿ ಇಳಿಯತೊಡಗುತ್ತದೆ. ಸುಣ್ಣ ಹೆಚ್ಚಿದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ. ಒಂದು ಮಿಲಿಮೀಟರ್ ಮಳೆಗೆ ಇಷ್ಟು ಅಳತೆಯ ಪಾಲಿಹೌಸ್ ಚಾವಣಿಯ ಮೇಲೆ ಸಾವಿರ ಲೀಟರ್ ಬೀಳುತ್ತದೆ. ಗಟರಿನಿಂದ ಪೈಪ್ ಹಾಕಿ ಕೃಷಿಹೊಂಡಕ್ಕೆ ಬಿಟ್ಟು ಆ ನೀರನ್ನು ಬೋರಿನದರ ಜೊತೆ ಬೆರೆಸಿ ಕೊಡುವುದು ಉತ್ತಮ.

ಇವೆರಡೂ ಸರಿಯಿದ್ದರೆ ಹಸಿರು ಕ್ಯಾಪ್ಸಿಕಂಗೆ ಹತ್ತು ಗುಂಟೆ ಶೇ. 50ರ ನೆರಳುಪರದೆಯಿಂದ ಶುರು ಮಾಡಿ. ಪರದೆ ಮಳೆ ತಡೆಯುವುದಿಲ್ಲ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಎಚ್ಚರವಾಗಿರಿ. ಆದರೂ ಪ್ರತಿ ವಾರ ಚಿಗುರು ಚಿವುಟಿ, ದಾರಕ್ಕೆ ಸುತ್ತುವ ಕೆಲಸಕ್ಕೆ ಮನೆಯಲ್ಲಿ ಕೈ ಇದೆಯೇ ಎಂಬುದು ಒಂದು ಬೆಳೆಯಲ್ಲೇ ಗೊತ್ತಾಗುತ್ತದೆ. ಕೆಂಪು, ಹಳದಿ ಕಾಯಿಗೆ ಸಂತೆಯಲ್ಲಿ ಗಿರಾಕಿ ಕಡಿಮೆ. ಹೋಟೆಲು, ಸೂಪರ್‌ಮಾರ್ಕೆಟ್ಟಿಗೆ ಕೊಡುವ ವ್ಯಾಪಾರಿಯನ್ನು ಸಸಿ ತರುವ ಮೊದಲೇ ಮಾತಾಡಿಸಿ.

ಪಾಲಿಹೌಸಿಗೆ ಮುಂದುವರಿದರೆ 200 ಮೈಕ್ರಾನ್ ಯು.ವಿ. ಹಾಳೆ ಕೇಳಿ. ಅದರ ಆಯಸ್ಸು ಸುಮಾರು ಮೂರು ವರ್ಷ, ಹೊಸ ಹಾಳೆಯ ದುಡ್ಡನ್ನು ಮೊದಲ ಬೆಳೆಯಿಂದಲೇ ಎತ್ತಿಡಿ. ಹಾಳೆ ಸಡಿಲವಾಗಿದ್ದರೆ ಮುಂಗಾರುಪೂರ್ವ ಗಾಳಿಗೆ ಪಟಪಟ ಬಡಿದು, ಅದನ್ನು ಹಿಡಿದಿಡುವ ಸ್ಪ್ರಿಂಗ್ ಕೂತ ಜಾಗದಲ್ಲೇ ಹರಿಯುತ್ತದೆ. ಏಪ್ರಿಲ್ಲಿಗೆ ಮುಂಚೆ ಬಿಗಿ ಮಾಡಿಸಿ. ಗಟರು ಉತ್ತರ-ದಕ್ಷಿಣವಾಗಿರಲಿ, ಅದರ ನೆರಳು ಒಂದೇ ಸಾಲಿನ ಮೇಲೆ ನಿಲ್ಲುವುದಿಲ್ಲ. ಬಾಗಿಲು ಎರಡು ಬೇಕು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತೆ. 40 ಮೆಷ್ (ಇಂಚಿಗೆ 40 ತೂತಿನ) ಕೀಟಪರದೆ ಥ್ರಿಪ್ಸ್ ಎಂಬ ರಸಹೀರುವ ಪುಟ್ಟ ಕೀಟವನ್ನು ಪೂರ್ತಿ ತಡೆಯುವುದಿಲ್ಲ, ನೀಲಿ ಅಂಟುಹಾಳೆ ತೂಗುಹಾಕಿ ವಾರಕ್ಕೊಮ್ಮೆ ಎಣಿಸಿ.

ಸಬ್ಸಿಡಿಗೆ ತಾಲ್ಲೂಕು ತೋಟಗಾರಿಕೆ ಇಲಾಖೆಯಲ್ಲಿ ಅರ್ಜಿ ಹಾಕಿ, ಕಾರ್ಯಾದೇಶ (ಕೆಲಸ ಶುರುಮಾಡಲು ಇಲಾಖೆ ಕೊಡುವ ಪತ್ರ) ಕೈಗೆ ಬರುವ ತನಕ ಗುಂಡಿ ತೋಡಬೇಡಿ. ಹಣ ಬರುವುದು ಕೆಲಸ ಮುಗಿದು ತಪಾಸಣೆಯಾದ ಮೇಲೆ. ಅಲ್ಲಿಯವರೆಗಿನ ಬಡ್ಡಿಯನ್ನೂ ಖರ್ಚಿನ ಪಟ್ಟಿಯಲ್ಲಿ ಬರೆದುಕೊಳ್ಳಿ.