ಅಗಲಿದ ಯಕ್ಷಗಾನ ಕಲಾವಿದರ ಬದುಕನ್ನು ದಾಖಲಿಸುವಾಗ

ಕರಾವಳಿಯ ಕಲಾವಿದರು ತೀರಿಕೊಂಡಾಗ ಬರುವ ಬರಹಗಳಲ್ಲಿ ಹೆಚ್ಚಿನವು ‘ತುಂಬಲಾರದ ನಷ್ಟ’ಕ್ಕೇ ಮುಗಿಯುತ್ತವೆ. ಆ ಸಾಲು ಬಿಡಿ. ತೆಂಕುತಿಟ್ಟೋ ಬಡಗುತಿಟ್ಟೋ (ಯಕ್ಷಗಾನದ ದಕ್ಷಿಣ, ಉತ್ತರದ ಶೈಲಿಗಳು), ಗುರು ಯಾರು, ಯಾವ ಮೇಳದಲ್ಲಿ (ತಂಡದಲ್ಲಿ) ಎಷ್ಟು ತಿರುಗಾಟ (ಊರೂರು ಸುತ್ತಿ ಆಟ ಆಡುವ ಒಂದು ಋತು) ಎಂಬುದನ್ನು ಮೊದಲು ಕಲೆಹಾಕಿ.

ಉತ್ತರಕ್ರಿಯೆಯ ದಿನ ಜೊತೆ ಕಲಾವಿದರೂ ಬಂದಿರುತ್ತಾರೆ. ಮನೆಯವರ ಒಪ್ಪಿಗೆ ಪಡೆದು, ಊಟದ ನಂತರ ಮಾತಾಡಿಸಿ. ಎಡವುವುದು ಹೆಚ್ಚಾಗಿ ತಿರುಗಾಟದ ಲೆಕ್ಕದಲ್ಲಿ. ತೆಂಕಿನ ಮೇಳಗಳು ನವೆಂಬರ್ ಸುಮಾರಿಗೆ ಹೊರಟು ಮೇ ಕೊನೆಯ ಪತ್ತನಾಜೆಗೆ (ತುಳು ತಿಂಗಳು ಬೇಷದ ಹತ್ತನೇ ದಿನ) ಗೆಜ್ಜೆ ಬಿಚ್ಚುತ್ತವೆ, ಅಂದರೆ ಆ ಸಾಲಿನ ಆಟ ಮುಗಿಸುತ್ತವೆ. ಒಂದೇ ತಿರುಗಾಟ ಎರಡು ಇಸವಿಗಳಿಗೆ ಸೇರುವುದರಿಂದ 1985–86 ಎಂದೇ ಬರೆಯಿರಿ. ಬರೀ 1985 ಎಂದರೆ ಮೇಳ ಬದಲಿಸಿದ ವರ್ಷ ತಪ್ಪುತ್ತದೆ. ಇಸವಿ ನೆನಪಿಲ್ಲದವರಿಗೆ ‘ಆಗ ಭಾಗವತರು (ಹಾಡುಗಾರರು) ಯಾರಿದ್ದರು?’ ಎಂದು ಕೇಳಿ, ಹಳೆಯ ಕರಪತ್ರದೊಂದಿಗೆ ತಾಳೆ ನೋಡಿ.

‘ಒಳ್ಳೆಯ ವೇಷಧಾರಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಬಣ್ಣದ ವೇಷವೋ (ರಾಕ್ಷಸರಂಥ ಪಾತ್ರ), ಸ್ತ್ರೀವೇಷವೋ, ಹಾಸ್ಯವೋ? ಮಹಿಷಾಸುರನಾಗಿ ದೊಂದಿಯ (ಪಂಜಿನ) ಬೆಳಕಲ್ಲಿ ಸಭೆಯ ನಡುವಿನಿಂದ ನುಗ್ಗಿ ಬರುತ್ತಿದ್ದ ಬಗೆಯನ್ನು ಕಂಡವರ ಮಾತಿನಲ್ಲೇ ಬರೆದುಕೊಳ್ಳಿ.

ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯ ಬರಹವನ್ನೂ. ಆಲ್ಬಂಗೆ ಅಂಟಿದ್ದರೆ ಕೀಳಬೇಡಿ, ಪುಟವನ್ನೇ ಸ್ಕ್ಯಾನ್ ಮಾಡಿ. ಶಾಲೆಯ ದಾಖಲೆಗೂ ಜಾತಕಕ್ಕೂ ಹುಟ್ಟಿದ ತಾರೀಕು ಬೇರೆಯಿದ್ದರೆ ಎರಡನ್ನೂ ಕೊಡಿ. ಸಾವಿನ ಕಾರಣ ಮನೆಯವರು ಒಪ್ಪಿದರೆ ಮಾತ್ರ.